ನೀಲಿ ಪಟ್ಟಿಯ ಒಂದು ಗೇಣು

ನೋವಿಗೆಂದು ಅಂಟಿಸಿದ್ದ ನೀಲಿ ಪಟ್ಟಿ ಮತ್ತೆ ಕಿತ್ತು ಬಂದಿತ್ತು. ಹಾವಿನ ಪೊರೆಯ ಹಾಗೆ ಲಕ್ಷ್ಮೀಶನ ತೊಡೆಯಿಂದ ಮೊಣಕಾಲಿನವರೆಗೆ ಜೋತಾಡುತ್ತಿದ್ದ ಅದನ್ನು ಲತಾಮಣಿ ಹಿಡಿದು ಮೂಸಿದಳು.

"ಕೊಬ್ಬರಿ ಎಣ್ಣೆ ಹಚ್ಚಿದೀರಾ?"

"ನಮ್ಮವ್ವ ಕಣ್ರೀ. ಕಾಲು ನೋವು ಅಂದ್ರೆ ಎಣ್ಣೆ ತಿಕ್ಕದೆ ಬಿಡ್ತಾಳಾ?"

"ಎಣ್ಣೆ ಮೈಗೆ ಪಟ್ಟಿ ಅಂಟಲ್ಲ ಅಂತ ಎಷ್ಟು ಸಲ ಹೇಳ್ಬೇಕು?"

"ಇನ್ನೊಂದು ಸಲ ಹೇಳಿ. ನೀವು ಬೈದ್ರೆ ಕೇಳೋಕೆ ಚೆಂದಾಗೈತೆ."

ಲಕ್ಷ್ಮೀಶ ಕಣಕಟ್ಟೆಯವನು, ವಾಲಿಬಾಲ್ ಆಟಗಾರ. ಅವನು ನೆಗೆದರೆ ತೆಂಗಿನ ಗರಿಗಳೇ ಕತ್ತೆತ್ತಿ ನೋಡಬೇಕು; ನಕ್ಕರೆ ಅರಸೀಕೆರೆ ಜಂಕ್ಷನ್ನಿನಿಂದ ಹೊರಟ ರೈಲೂ ಒಂದು ಗಳಿಗೆ ನಿಂತು ಹೋಗಬೇಕು. ತೊಡೆ ಹಿಡಿದುಕೊಂಡು, ಎಸ್‌ಟಿಡಿ ಬೂತಿನ ಮೇಲಿದ್ದ ಫಿಸಿಯೋಥೆರಪಿಸ್ಟ್ ಲತಾಮಣಿಯ ಕ್ಲಿನಿಕ್ಕಿಗೆ ಬಂದವನು, ನೋವು ಹೋದರೂ ಬರುವುದನ್ನು ಬಿಟ್ಟಿರಲಿಲ್ಲ. ರಬ್ಬರಿನಂತೆ ಹಿಗ್ಗುವ ಆ ಪಟ್ಟಿಯಲ್ಲೇ ತನ್ನ ಬಲವಿದೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಪಟ್ಟಿ ನೋವನ್ನು ಕೊಂಚ ಮರೆಸೀತು, ಗಟ್ಟಿ ಸ್ನಾಯುವಿಗೆ ಹೊಸ ಬಲ ತುಂಬಲಾರದು ಎಂದು ಲತಾಮಣಿಗೆ ಗೊತ್ತಿತ್ತು. ಹೇಳಿಬಿಟ್ಟರೆ ಇವನು ನಾಳೆಯಿಂದ ಬರುವುದಿಲ್ಲ. ಹೇಳದಿದ್ದರೆ ಇವನ ನಂಬಿಕೆಯನ್ನೇ ಪಟ್ಟಿಗಿಂತ ಹೆಚ್ಚು ಎಳೆದ ಹಾಗೆ. ಪ್ರಾಯದ ಆಸೆ ಸುಳ್ಳನ್ನೂ ಮದ್ದು ಎಂದು ಮಾರಿಸಿಬಿಡುತ್ತದೆ.

ಕೊನೆಗೆ ಜೋತಾಡುತ್ತಿದ್ದ ಪಟ್ಟಿಯನ್ನು ಪೂರಾ ಕಿತ್ತು, ಅವನ ಬೆರಳುಗಳಿಗೆ ಸೀಮೆಸುಣ್ಣ ಬಳಿದಳು. "ಈಗ ಪಟ್ಟಿ ಇಲ್ಲ. ನೆಗೆದು ಗೋಡೆ ಮುಟ್ಟಿ."

ಮುಟ್ಟಿದ. ತೊಡೆಯ ಎಣ್ಣೆಯನ್ನು ಸ್ಪಿರಿಟ್ಟಿನಿಂದ ಒರೆಸಿ ಹೊಸ ಪಟ್ಟಿ ಹಾಕಿದಳು. ಮತ್ತೆ ಮುಟ್ಟಿದ. ಎರಡೂ ಗುರುತುಗಳು ಒಂದೇ ಎತ್ತರದಲ್ಲಿ, ಒಂದನ್ನೊಂದು ಅಪ್ಪಿಕೊಂಡು ಕೂತಿದ್ದವು.

"ನೋಡಿದ್ರಾ? ಬಲ ನಿಮ್ಮದೇ. ಕಾಲೂ ವಾಸಿಯಾಗಿದೆ. ಇನ್ನು ಬರೋದು ಬೇಡ." ಕೊನೆಯ ಮಾತನ್ನು ಅವಳು ಕೈಯಲ್ಲಿದ್ದ ಪಟ್ಟಿಯ ಸುರುಳಿಗೆ ಹೇಳಿದಳು.

ಅವನು ಗೋಡೆಯನ್ನೇ ನೋಡುತ್ತಿದ್ದ. "ಮತ್ತೆ ಪಟ್ಟಿ ಹಾಕ್ಕೊಂಡ್ ಆಡ್ದಾಗೆಲ್ಲ ಒಂದು ಗೇಣು ಮೇಲೆ ಹೋಗ್ತಿದ್ನಲ್ಲ, ಅದು?"

"ಅದು ಬರೀ ನಂಬಿಕೆಯಿಂದ ಇರ್ಬೇಕು."

"ಅಲ್ಲ ಕಣ್ರೀ." ಅವನ ಕಿವಿ ಕೆಂಪಾಯಿತು. "ಪಟ್ಟಿ ನಿಂತೈತಾ ಅಂತ ನೋಡೋಕೆ, ಅವತ್ತೆಲ್ಲ ನೀವು ಮೈದಾನಕ್ಕೆ ಬತ್ತಿದ್ರಿ."

ಕೆಳಗೆ ಬೂತಿನ ಫೋನು ಬಡಿದುಕೊಳ್ಳುತ್ತಿತ್ತೋ, ತನ್ನ ಎದೆಯೋ, ಲತಾಮಣಿಗೆ ತಿಳಿಯಲಿಲ್ಲ.

"ಭಾನುವಾರ ಬೇಲೂರಲ್ಲಿ ಫೈನಲ್," ಎಂದ ಅವನು. "ಪಟ್ಟಿ ಇಲ್ದೆ ಆಡ್ತೀನಿ. ಬತ್ತೀರಾ?"

"ಪಟ್ಟಿನೇ ಇಲ್ಲದ ಮೇಲೆ ನಾನು ಯಾರು ಅಂತ ಬರ್ಲಿ?"

"ನಮ್ಮವ್ವನೂ ಬತ್ತಾಳೆ. ಅವ್ಳೂ ಅದನ್ನೇ ಕೇಳ್ತಾಳೆ. ಏನ್ ಹೇಳ್ಲಿ?"

ಅವಳು ವೇಲಿನ ತುದಿಯಿಂದ ಅವನ ಕೈಯ ಸುಣ್ಣ ಒರೆಸತೊಡಗಿದಳು. ನಿಧಾನವಾಗಿ, ಒಂದೊಂದೇ ಬೆರಳು.

"ನಿನ್ ಸೊಸೆ ಅನ್ನಿ," ಎಂದಳು. "ಅವ್ರ ಪಕ್ಕದಲ್ಲೇ ನಂಗೊಂದು ಜಾಗ ಹಿಡಿದಿಡೋಕೂ ಹೇಳಿ."