ಅವನು ಸೋತ ಶನಿವಾರ

"ಇಲ್ಲಿ ಕೂರಬಹುದಾ?"

ಕೇಳಿದವನು ಉತ್ತರಕ್ಕೆ ಕಾಯದೆ ಕೂತೇಬಿಟ್ಟ. ಕ್ಯಾಂಟೀನಿನ ಬೆಂಚು ಕಿರ್ರೆಂದಿತು. ಮಾರಿಟ್ ತಲೆಯೆತ್ತಿ ನೋಡಿದಳು. ಸಿಯೋನೆ! ಈ ವರ್ಷ ಯೂಟಾದಿಂದ ಬಂದು ಹ್ಯಾಲ್‌ಸ್ಟೆಡ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡ ಸೇರಿದ ದೈತ್ಯ. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಗ್ರೇಡಿಯ ಮುಂದೆ ಗೋಡೆಯಾಗಿ ನಿಲ್ಲುವ ಐದು ಜನ ದಡಿಯರಿಗೆ ಇವನೇ ಯಜಮಾನ.

"ಬ್ಯಾಂಡ್‌ನಲ್ಲಿ ದೊಡ್ಡ ಡ್ರಮ್ ಬಾರಿಸೋಳು ನೀನೇ ಅಲ್ವಾ?"

"ಹೌದು. ಯಾಕೆ?"

"ನಮ್ಮ ಗ್ರೇಡಿ ಪ್ರಾಕ್ಟೀಸ್ ಮುಗಿಸಿ ಬರುವಾಗ ದಿನಾ ನಿಮ್ಮ ಬ್ಯಾಂಡ್ ಕಡೆ ಕತ್ತು ತಿರುಗಿಸ್ತಾನೆ. ಕತ್ತು ಉಳುಕಿದ್ರೆ ಕೋಚ್ ನನ್ನ ಚರ್ಮ ಸುಲೀತಾರೆ. ಅವನಿಗೆ ಏನೂ ಆಗದಂಗೆ ನೋಡ್ಕೊಳ್ಳೋದು ನನ್ನ ಕೆಲಸ ಮಾರಾಯ್ತಿ. ಒಂದ್ಸಲ ಹೋಗಿ ಮಾತಾಡ್ಸು."

ಮಾರಿಟ್‌ಳ ಕಿವಿ ಬಿಸಿಯಾಯಿತು. "ಈಗಲಾ? ಗೆದ್ದೆತ್ತಿನ ಬಾಲ ಹಿಡಿದಳು ಅಂತಾರೆ."

"ಅನ್ನಲಿ ಬಿಡು. ಎತ್ತೇ ಬಾಲ ಚಾಚ್ಕೊಂಡು ನಿಂತಿದ್ಯಲ್ಲ!"

ಅವಳು ನಗಲಿಲ್ಲ. ತಟ್ಟೆ ಎತ್ತಿಕೊಂಡು ಎದ್ದು ಹೋದಳು. ನಗುವುದಕ್ಕಾದರೂ ಮುಖ ಬೇಡವೇ?

ಹೋದ ವರ್ಷದ ಗ್ರೇಡಿಯನ್ನು ನೀವು ನೋಡಬೇಕಿತ್ತು. ಚೆಂಡು ಕೈಗೆ ಬಂದ ಮೇಲೆ ಯಾರಿಗೆ ಎಸೆಯಲಿ ಎಂದು ಕಣ್ಣೆತ್ತಿ ನೋಡುವಷ್ಟು ಪುರುಸೊತ್ತಾದರೂ ಕ್ವಾರ್ಟರ್‌ಬ್ಯಾಕಿಗೆ ಬೇಕು. ಅಷ್ಟೂ ಅವನಿಗೆ ಸಿಗುತ್ತಿರಲಿಲ್ಲ. ಮುಂದೆ ನಿಂತಿದ್ದವರು ಕಡ್ಡಿ ಪೈಲ್ವಾನರು. ಎದುರಾಳಿಗಳು ಅವರನ್ನು ಪರದೆ ಸರಿಸಿದ ಹಾಗೆ ಸರಿಸಿ ಬಂದು ಗ್ರೇಡಿಯನ್ನು ನೆಲಕ್ಕೆ ಕೆಡವುತ್ತಿದ್ದರು. ಕ್ಷೌರದಂಗಡಿಯಿಂದ ಹಿಡಿದು ಚರ್ಚಿನ ಅಂಗಳದವರೆಗೆ ಒಂದೇ ಜೋಕು: ಗ್ರೇಡಿಗೆ ಹಾಸಿಗೆ ಯಾಕೆ, ಮೈದಾನದ ಹುಲ್ಲೇ ಸಾಕು.

ಆಗ ಮಾರಿಟ್ ಅವನ ಹುಡುಗಿ. ಮೊದಮೊದಲು ಜೋಕು ಹೊಡೆದವರ ಜೊತೆ ಜಗಳಕ್ಕೇ ನಿಲ್ಲುತ್ತಿದ್ದಳು. ಆಮೇಲೆ ಕೇಳಿಸದವಳ ಹಾಗೆ ಇದ್ದಳು. ಆಮೇಲೆ ತಾನೂ ಸಣ್ಣಗೆ ನಕ್ಕಳು. ಕೊನೆಕೊನೆಗೆ ಅವನು ಕ್ಯಾಂಟೀನಿಗೆ ಬರುವ ಹೊತ್ತಿಗೆ ಇವಳಿಗೆ ಲೈಬ್ರರಿಯಲ್ಲಿ ಕೆಲಸ ಇರುತ್ತಿತ್ತು. ನಾಚಿಕೆ. ಅದಕ್ಕೆ ಬೇರೆ ಹೆಸರು ಹುಡುಕಿ ಅವಳಿಗೇ ಸಾಕಾಗಿತ್ತು.

ಅಷ್ಟಕ್ಕೇ ನಿಂತಿದ್ದರೆ ಹೇಗೋ ಆಗುತ್ತಿತ್ತು. ಹ್ಯಾಲ್‌ಸ್ಟೆಡ್‌ನಲ್ಲಿ ಒಂದು ಪದ್ಧತಿ ಇದೆ. ಎದುರಾಳಿಯ ಕ್ವಾರ್ಟರ್‌ಬ್ಯಾಕ್ ನೆಲಕ್ಕೆ ಬಿದ್ದರೆ ಬ್ಯಾಂಡಿನ ದೊಡ್ಡ ಡ್ರಮ್ಮು ಮೂರು ಸಲ ಧಂ ಧಂ ಧಂ ಎನ್ನಬೇಕು, ಗ್ಯಾಲರಿ ಹೋ ಎನ್ನಬೇಕು. ಹೋದ ನವೆಂಬರಿನ ಪಂದ್ಯದಲ್ಲಿ ಗ್ರೇಡಿ ಮತ್ತೆ ಮತ್ತೆ ಬೀಳುತ್ತಿದ್ದಾಗ ಹಿಂದಿನಿಂದ ಯಾರೋ ಕೂಗಿದರು, "ಏ, ಇವನಿಗೂ ಬಾರಿಸ್ರೋ!" ಸುತ್ತಲಿನವರೆಲ್ಲ ನಕ್ಕರು. ಬ್ಯಾಂಡಿನ ಗೆಳತಿಯರು ಮಾರಿಟ್‌ಳನ್ನೇ ನೋಡಿದರು. ಹೇಗಿದ್ದರೂ ನಿನ್ನ ಹುಡುಗ, ನಿನಗೆ ಧೈರ್ಯ ಇದೆಯಾ ಎಂಬಂಥ ನೋಟ.

ಮಾರಿಟ್ ಬಾರಿಸಿದಳು.

ಇಡೀ ಮೈದಾನ ಬಿದ್ದು ಬಿದ್ದು ನಕ್ಕಿತು. ಗ್ರೇಡಿ ಮುಖ ಕೆಳಗೆ ಮಾಡಿ ಮಲಗಿದ್ದವನು, ನಗು ಅಡಗುವವರೆಗೆ ಏಳಲಿಲ್ಲ. ಮಾರನೆಯ ಬೆಳಗ್ಗೆ ಅವನಿಂದ ಮೆಸೇಜು ಬಂತು: ಕಾಫಿಗೆ ಬರ್ತೀಯಾ? ಇವಳು ಉತ್ತರಿಸಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗುವುದು? ಅದರ ಮುಂದಿನದಕ್ಕೂ ಉತ್ತರಿಸಲಿಲ್ಲ. ಹಾಗೆ, ಒಂದು ಜಗಳವೂ ಇಲ್ಲದೆ, ಇಬ್ಬರೂ ಬೇರೆಯಾದರು. ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮು ಬಾರಿಸುವವರು ಇನ್ನೂ ಇದ್ದರು. ಬಾರಿಸಿದ್ದು ಯಾರೆಂದು ಅವನಿಗೆ ತಿಳಿದಿರಲಿಕ್ಕಿಲ್ಲ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಈ ವರ್ಷ ಸಿಯೋನೆಯ ದಂಡು ಬಂತು ನೋಡಿ, ಕಥೆಯೇ ಬದಲಾಯಿತು. ನಾಲ್ಕು ವರ್ಷ ಆಡಿದವನ ಕೊನೆಯ ವರ್ಷದಲ್ಲಿ ಅದೃಷ್ಟದ ಬಾಗಿಲು ತೆರೆಯಿತು. ಗ್ರೇಡಿ ನಿಂತಲ್ಲೇ ನಿಂತು, ಆರಾಮಾಗಿ ನೋಡಿ, ದೂರ ದೂರಕ್ಕೆ ಎಸೆದ. ಗೆಲುವಿನ ಮೇಲೆ ಗೆಲುವು. ಪತ್ರಿಕೆಯವರು 'ಹೊಸ ಗ್ರೇಡಿ' ಎಂದು ಬರೆದರು. ಹೊಸದೇನು ಮಣ್ಣು! ಅದೇ ತೋಳು, ಅದೇ ಎಸೆತ. ಖಾಲಿ ಮೈದಾನದಲ್ಲಿ ಅವನು ಹೀಗೇ ಎಸೆಯುವುದನ್ನು ಮಾರಿಟ್ ಎಷ್ಟು ಸಂಜೆ ಕೂತು ನೋಡಿರಲಿಲ್ಲ? ಹಾಗಾದರೆ ತಾನು ನಾಚಿಕೊಂಡದ್ದು ಯಾವುದಕ್ಕೆ? ಆ ಪ್ರಶ್ನೆ ಬಂದಾಗಲೆಲ್ಲ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಅವನು ಗೆದ್ದಷ್ಟೂ ಅವಳು ದೂರ ಸರಿದಳು, ಸರಿದಷ್ಟೂ ಅವನು ಬೇಕೆನಿಸಿದ.

ನವೆಂಬರಿನ ಆ ಶನಿವಾರ ಊರಿನ ಮೈದಾನದಲ್ಲಿ ಕೊನೆಯ ಪಂದ್ಯ. ಕಾಲೇಜು ಮುಗಿಸುವ ಆಟಗಾರರು ಹೆತ್ತವರ ಜೊತೆ ಮೈದಾನದ ನಡುವಿಗೆ ನಡೆದು, ತಾಯಿಗೆ ಹೂ ಕೊಡುವ ದಿನ. ಗ್ರೇಡಿ ಹೂ ಕೊಟ್ಟು ಅಮ್ಮನನ್ನು ತಬ್ಬಿಕೊಂಡ. ಅವಳ ಭುಜದ ಮೇಲಿಂದ ಅವನ ಕಣ್ಣು ನೇರ ಬ್ಯಾಂಡಿನ ಕಡೆ ಬಂತು. ಬಂದು ಅಲ್ಲೇ ನಿಂತಿತು. ಮಾರಿಟ್ ಬಗ್ಗಿ, ಬಿಗಿಯಾಗೇ ಇದ್ದ ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದಳು.

ಪಂದ್ಯದ ಕೊನೆಯ ಗಳಿಗೆ. ಒಂದೇ ಒಂದು ಒಳ್ಳೆಯ ಎಸೆತ ಬಿದ್ದರೆ ಗೆಲುವು. ಸಿಯೋನೆಯ ದಂಡು ಬಂಡೆ ನಿಂತ ಹಾಗೆ ನಿಂತಿತ್ತು. ಗ್ರೇಡಿಯನ್ನು ಒಬ್ಬನೂ ಮುಟ್ಟಲಿಲ್ಲ. ಬೇಕಾದಷ್ಟು ಹೊತ್ತು ನೋಡಿ, ತೋಳು ಬೀಸಿ ಎಸೆದ. ಚೆಂಡು ಹೋಗಿ ಎದುರಾಳಿಯ ಎದೆಗೆ ಕೂತಿತು.

ಮುಗಿಯಿತು. ಇಡೀ ಊರು ಅಯ್ಯೋ ಎಂದು ತಲೆಗೆ ಕೈ ಹೊತ್ತಿತು. ಮಾರಿಟ್‌ಳ ಎದೆ ಮಾತ್ರ ಚಂಗನೆ ನೆಗೆಯಿತು: ಅಬ್ಬಾ, ಸೋತ! ಇನ್ನು ನಾನು ಹೋಗಬಹುದು!

ಮರುಕ್ಷಣವೇ ಛೀ ಎನಿಸಿತು. ಎಂಥವಳು ನಾನು? ಅವಳು ಡ್ರಮ್ಮನ್ನು ಅಲ್ಲೇ ಇಳಿಸಿ ಮೆಟ್ಟಿಲಿಳಿದಳು.

ಪಾರ್ಕಿಂಗ್ ಜಾಗದಲ್ಲಿ ಗ್ರೇಡಿಯ ಅಮ್ಮ ತಮ್ಮ ಪಿಕಪ್ ಟ್ರಕ್ಕಿನ ಹಿಂಬಾಗಿಲು ತೆರೆದು, ದಡಿಯರಿಗೆಲ್ಲ ಮಾಂಸ, ಕಾಳು ಬೇಯಿಸಿದ ಬಿಸಿ ಬಿಸಿ ಚಿಲಿ ಸಾರು ಬಡಿಸುತ್ತಿದ್ದಳು. ಜೊತೆಗೆ ಒಬ್ಬೊಬ್ಬರಿಗೂ ಅಂಗೈಯಗಲದ ದಾಲ್ಚಿನ್ನಿ ರೋಲು. ಸೋತರೂ ಹಸಿವು ಬಿಡುತ್ತದೆಯೇ? ಗ್ರೇಡಿ ಒಬ್ಬನೇ ತಿನ್ನದೆ, ಒದ್ದೆ ತಲೆಯಲ್ಲಿ ಕಲ್ಲುಕಟ್ಟೆಯ ಮೇಲೆ ಕೂತಿದ್ದ. ಮಾರಿಟ್‌ಗೆ ಅಡ್ಡ ಬಂದದ್ದು ಸಿಯೋನೆಯ ಹೊಟ್ಟೆ.

"ಇವತ್ತು ಬೇಡ ಕಣೇ. ಅವನ ಮನಸ್ಸು ಸರಿಯಿಲ್ಲ."

"ಇವತ್ತೇ ಆಗ್ಬೇಕು ಸಿಯೋನೆ. ದಾರಿ ಬಿಡು."

"ಬಿಡೋ ಅವಳನ್ನ," ಎಂದ ಗ್ರೇಡಿ, ಕೂತಲ್ಲಿಂದಲೇ.

ಅವಳು ನೇರ ಅವನ ಮುಂದೆ ಹೋಗಿ ನಿಂತಳು. "ಹೋದ ವರ್ಷ ನಿನಗೆ ಡ್ರಮ್ ಬಾರಿಸಿದ್ದು ನಾನು."

"ಗೊತ್ತು."

"ಗೊತ್ತಾ?"

"ಎರಡು ವರ್ಷ ನೀನು ಪ್ರಾಕ್ಟೀಸ್ ಮಾಡೋವಾಗ ಪಕ್ಕದಲ್ಲಿ ಕೂತಿದ್ದೋನು ನಾನು. ನಿನ್ನ ಕೈ ಗೊತ್ತಾಗಲ್ವಾ? ಮೂರನೇ ಏಟು ಮೆತ್ತಗಿತ್ತು. ಪಾಪ, ಅಷ್ಟರಲ್ಲೇ ಬೇಜಾರಾಗಿದೆ ಇವಳಿಗೆ ಅಂದ್ಕೊಂಡೆ. ಅದನ್ನೇ ಹಿಡ್ಕೊಂಡು ಒಂದು ವರ್ಷ ಕಳೆದೆ."

ಹೌದು ಎಂದುಬಿಡಬಹುದಿತ್ತು. ಎಷ್ಟು ಚೆಂದದ ಸುಳ್ಳು, ಅವನೇ ಕೈಗಿತ್ತದ್ದು. ಮಾರಿಟ್ ಅಡ್ಡಡ್ಡ ತಲೆಯಾಡಿಸಿದಳು.

"ಇಲ್ಲ ಗ್ರೇಡಿ. ಚಳಿಗೆ ಕೈ ಮರಗಟ್ಟಿತ್ತು, ಅಷ್ಟೆ."

ಅವನು ಅವಳನ್ನೇ ನೋಡಿದ. ತುಟಿಯ ಒಂದು ಮೂಲೆ ನಗಲೋ ಬೇಡವೋ ಎಂಬಂತೆ ಅಲುಗಿತು. "ನನ್ನ ಜೊತೆ ಇರೋಕೆ ನಾಚಿಕೆ ಆಗ್ತಿತ್ತಾ?"

"ಹೌದು."

ಸಿಯೋನೆ ಚಿಲಿ ಸೊರ್ ಎನಿಸುವುದನ್ನು ನಿಲ್ಲಿಸಿದ.

"ಇನ್ನೊಂದಿದೆ. ಇವತ್ತು ಆ ಚೆಂಡು ಎದುರಾಳಿ ಕೈಗೆ ಹೋಯ್ತಲ್ಲ, ನನಗೆ ಖುಷಿ ಆಯ್ತು. ಸೋತರೆ ಮಾತ್ರ ನಿನ್ನ ಹತ್ರ ಬರೋಕೆ ನನಗೆ ಮುಖ ಇತ್ತು." ಅವಳ ಕಣ್ಣು ತುಂಬಿ ಬಂತು. "ಇಂಥವಳು ನಾನು. ಬೇಡ ಅಂದ್ರೆ ಹೋಗ್ತೀನಿ."

ಗ್ರೇಡಿ ಕೈಯ ಗೆಣ್ಣುಗಳನ್ನು ನೋಡಿಕೊಳ್ಳುತ್ತ ಹೇಳಿದ, "ಇಷ್ಟು ವರ್ಷ ಬಿದ್ದಾಗಲೆಲ್ಲ ಮುಂದೆ ನಿಂತ ಹುಡುಗರನ್ನ ಒಳಗೊಳಗೇ ಬೈಕೊಂಡೆ. ಪಾಪ, ಅವರೂ ಏಟು ತಿಂದೋರೇ. ಇವತ್ತು ಬೈಯೋಕೆ ಯಾರೂ ಇಲ್ಲ. ನಾನೇ ಕೆಟ್ಟದಾಗಿ ಎಸೆದೆ. ನನಗೂ ಇವತ್ತು ಯಾರ ಮುಖಾನೂ ನೋಡೋಕಾಗ್ತಿಲ್ಲ ಮಾರಿಟ್. ನಿನ್ನ ಮೇಲೆ ಸಿಟ್ಟಿದೆ. ಬೇಗ ಹೋಗೋ ಸಿಟ್ಟಲ್ಲ ಅದು."

"ಇರಲಿ. ನಾನೂ ಬೇಗ ಹೋಗಲ್ಲ."

ಅಷ್ಟರಲ್ಲಿ ಪಕ್ಕದಲ್ಲಿ ಒಂದು ಕಾರು ನಿಧಾನವಾಯಿತು. ಕಿಟಕಿಯಿಂದ ಕೆಂಪು ಮೂತಿಯವನೊಬ್ಬ ತಲೆ ಹೊರಹಾಕಿದ. "ಲೋ ಗ್ರೇಡಿ! ಐದಾನೆ ಮುಂದೆ ನಿಲ್ಲಿಸ್ಕೊಂಡೂ ಸೋತ್ಯಲ್ಲೋ! ಮಾನ ಮರ್ಯಾದೆ ಇಲ್ವಾ?" ಆಮೇಲೆ ಮಾರಿಟ್‌ಳನ್ನು ನೋಡಿ ಹಲ್ಲು ಕಿರಿದ. "ಅದ್ಯಾರಮ್ಮ ನೀನು, ಇವನ ಪಕ್ಕ ನಿಂತಿರೋಳು?"

ಹಿಂದೆ ನಿಂತ ಕಾರುಗಳವರೂ ತಿರುಗಿ ನೋಡಿದರು. ಬ್ಯಾಂಡಿನ ಗೆಳತಿಯರು ಗೇಟಿನ ಹತ್ತಿರ ನಿಂತು ನೋಡುತ್ತಿದ್ದರು. ಮಾರಿಟ್ ಕಟ್ಟೆಯ ಮೇಲೆ ಗ್ರೇಡಿಗೆ ಒತ್ತಿಕೊಂಡು ಕೂತು, ಅವನ ತಣ್ಣನೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಇವನ ಹುಡುಗಿ!" ಎಂದು ಕೂಗಿದಳು. ಗೇಟಿನವರೆಗೂ ಕೇಳಿಸಿತು.

ಕಾರು ಹೋಯಿತು.

"ಯಾವಾಗಿಂದ?" ಎಂದ ಗ್ರೇಡಿ, ಅವಳ ಕಡೆ ತಿರುಗದೆ.

"ಈಗಿನಿಂದ. ನೀನು ಬೇಡ ಅನ್ನೋವರೆಗೂ."

ಅವನು ಬೇಡ ಅನ್ನಲಿಲ್ಲ. ಬೇಕು ಅಂತಲೂ ಅನ್ನಲಿಲ್ಲ. ಕೈ ಮಾತ್ರ ಅವಳ ಕೈಯೊಳಗೇ ಬಿಟ್ಟು, ಎಲ್ಲರೂ ನೋಡುತ್ತಿದ್ದ ಹಾಗೇ, ಅವಳ ಭುಜಕ್ಕೆ ತಲೆಯಿಟ್ಟು ಅತ್ತುಬಿಟ್ಟ.