ಹಕಾರ ಬಿಟ್ಟ ಹೇಮಾವತಿ

ಪರದೆಯ ಮೇಲೆ ಒಟ್ಟು ಓಟು ನಲವತ್ತಮೂರು ಎಂದು ಬಂತು. ಸಭಾಂಗಣದಲ್ಲಿದ್ದವರು ಮುನ್ನೂರು ಜನ.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಉರುಳಿತು.

“ನಮ್ಮ ಓಟೆಲ್ಲಾ ಎಲ್ಲೋದೋ?”

ಪಾಂಡವಪುರದಲ್ಲಿ ಆ ಭಾನುವಾರ ಮಧ್ಯಾಹ್ನ ನಾಲ್ಕು ತಾಲ್ಲೂಕುಗಳ ಸೋಬಾನೆ ಸ್ಪರ್ಧೆ. ಗೆದ್ದ ತಂಡಕ್ಕೆ ದೆಹಲಿಯಲ್ಲಿ ಹಾಡುವ ಅವಕಾಶ. ಈ ಸಲ ತೀರ್ಪುಗಾರರಿಲ್ಲ, ಜನರೇ ಮೊಬೈಲಿನಲ್ಲಿ ಓಟು ಒತ್ತಬೇಕು. ಅದಕ್ಕೆಂದು ಪಾಲಿಟೆಕ್ನಿಕ್ಕಿನ ಅತಿಥಿ ಉಪನ್ಯಾಸಕಿ ಅಪರ್ಣ ಸಭಾಂಗಣಕ್ಕೇ ಒಂದು ವೈಫೈ ಹಾಕಿದ್ದಳು. ಫೋನಿನ ವೈಫೈ ಪಟ್ಟಿಯಲ್ಲಿ ‘ಹೇಮಾವತಿ’ ಎಂಬ ಹೆಸರು ಒತ್ತಿದರೆ ಓಟಿನ ಪುಟ ತೆರೆಯುತ್ತದೆ. ಎಲ್ಲರೂ ಓದಲಿ ಎಂದು ಹೆಸರನ್ನು ಕನ್ನಡದಲ್ಲೇ ಇಟ್ಟಿದ್ದಳು, ಪಾಪ.

ಗೆದ್ದದ್ದು ಶ್ರೀರಂಗಪಟ್ಟಣದ ತಂಡ. ಇಡೀ ಸಭೆ ಶಿಳ್ಳೆ ಹೊಡೆದದ್ದು ಅಕ್ಕಿಹೆಬ್ಬಾಳಿನ ಸುನಿತಾ ತಂಡಕ್ಕೆ. ಅವರಿಗೆ ಒಂಬತ್ತೇ ಓಟು. ಅಪರ್ಣಳ ಊರು ಶ್ರೀರಂಗಪಟ್ಟಣ. ಜನಕ್ಕೆ ಇನ್ನೇನು ಬೇಕು?

“ಬಾಗ್ಲಾಕ್ರಲಾ. ಒಬ್ರೂ ಆಚ್ಗೋಗ್ಬಾರ್ದು.”

ಬಾಗಿಲು ಬಿತ್ತು. ಬೀಗ ಜಡಿದವರು ಯಾರೆಂದು ಕೊನೆಗೂ ತಿಳಿಯಲಿಲ್ಲ.

*

ಅಪರ್ಣ ವೇದಿಕೆಯ ಪಕ್ಕದ ಮೈಕಿನ ಕೋಣೆಯಲ್ಲಿದ್ದಳು. ಕಿಟಕಿಯಿಲ್ಲ, ಫ್ಯಾನಿಲ್ಲ. ಹೊರಗಿನಿಂದ ಬಾಗಿಲು ಬಡಿಯುತ್ತಿದ್ದರು. ಬಂದೋಬಸ್ತಿಗೆ ಬಂದಿದ್ದ ಎಎಸ್‌ಐ ಜಯಲಕ್ಷ್ಮಮ್ಮ ಒಳಗೆ ನುಗ್ಗಿ ಚಿಲಕ ಹಾಕಿಕೊಂಡರು.

“ನಿನ್ನ ಬುಟ್ರೆ ಇದ್ರ ಪಾಸ್‌ವರ್ಡು ಇನ್ಯಾರ್ಗವ್ವ ಗೊತ್ತು?”

“ಯಾರಿಗೂ ಇಲ್ಲ ಮೇಡಂ.”

“ಅಂಗಾದ್ರೆ ನೀನೇ ಸಿಕ್ಕಾಕ್ಕೊಂಡೆ.”

“ಗೊತ್ತು. ಕೇಸಾದರೆ ನಾಳೆಯಿಂದ ಕಾಲೇಜಿಗೆ ಸೇರಿಸಲ್ಲ. ಏಳು ವರ್ಷ ಪಾಠ ಮಾಡಿದೀನಿ. ಹೆದರಿಕೆಯಾಗ್ತಿದೆ ಮೇಡಂ.”

“ಇಂದ್ಗಡೆ ಡಬ್ಬ ಕೆಟ್ಟೋಗಿತ್ತಾ?”

ಹಿಂದಿನ ಗೋಡೆಗೆ ಬಡಿದಿದ್ದ ವೈಫೈ ಪೆಟ್ಟಿಗೆ ಅದು. ಓಟು ಕಳೆದುಕೊಂಡವರಲ್ಲಿ ಬಹಳ ಮಂದಿ ಆ ಕಡೆಯವರೇ.

“ಇಲ್ಲ, ಹಸಿರು ದೀಪ ಉರಿಯುತ್ತಲೇ ಇದೆ. ಬಂದ ಓಟಲ್ಲಿ ಮೋಸವಿಲ್ಲ. ಉಳಿದವರು ನನ್ನ ವೈಫೈಗೆ ಬರಲೇ ಇಲ್ಲ.”

“ಬರ್ಲಿಲ್ವಾ? ನಾನೇ ಬಂದಿದ್ನಲ್ಲವ್ವ.” ಜಯಲಕ್ಷ್ಮಮ್ಮ ಫೋನು ತೆಗೆದರು. ಡ್ಯೂಟಿಯ ಮೇಲಿದ್ದವರು ಹಾಡು ಮೆಚ್ಚಬಾರದೆಂದು ಎಲ್ಲೂ ಬರೆದಿಲ್ಲ. “ಮೈಕಲ್ಲಿ ಏಳ್ತಿದ್ದಂಗೇ ಒತ್ದೆ. ಸೇರ್ತು. ಓಟಿನ ಪುಟ ಮಾತ್ರ ಬರ್ಲಿಲ್ಲ.”

ಅಪರ್ಣ ನೋಡಿದಳು. ಆ ಫೋನು ಆಗ ಸೇರಿಕೊಂಡಿದ್ದ ಜಾಲದ ಹೆಸರು ‘ಏಮಾವತಿ’.

“ಇದು ನನ್ನದಲ್ಲ.”

“ಇಷ್ಟೊತ್ತೂ ನೀನ್ ನೋಡ್ಲಿಲ್ವಾ?”

“ನನ್ನ ಲ್ಯಾಪ್‌ಟಾಪು ವೈರಿನಲ್ಲಿದೆ. ವೈಫೈ ಪಟ್ಟಿ ತೆಗೆಯಲೇ ಇಲ್ಲ.”

ಈಗ ತೆಗೆದರೆ ಹೇಮಾವತಿ ಒಂದೇ ಇತ್ತು. ಇನ್ನೊಂದು ಮಾಯ.

“ಯಾರೋ ಫೋನಿನ ಹಾಟ್‌ಸ್ಪಾಟಿಗೆ ಈ ಹೆಸರಿಟ್ಟಿದ್ದಾರೆ,” ಎಂದಳು ಅಪರ್ಣ. “ಹತ್ತು ಜನ ಸೇರಿದರೆ ಅದು ಭರ್ತಿ. ಮಿಕ್ಕವರ ಫೋನು ಸುಮ್ಮನೆ ಸುತ್ತುತ್ತಿರುತ್ತದೆ. ಅದೊಂದು ಬೋನು ಮೇಡಂ.”

*

ಮೈಕಿನಲ್ಲಿ ಹೆಸರು ಕೂಗಿದವನು ನಿರೂಪಕ ಮಹದೇವಸ್ವಾಮಿ. ಅವನ ಮೇಲೆ ಅನುಮಾನ ಬರದೆ ಇದ್ದೀತೇ?

“ಏನ್ಲಾ ಅಂದೆ ಮೈಕಲ್ಲಿ?” ಜಯಲಕ್ಷ್ಮಮ್ಮ ಕೋಣೆಯಿಂದ ಹೊರಬಂದು ಅವನನ್ನೇ ಕೇಳಿದರು.

“ಏಮಾವತಿ ಅಂದೆ ಕಣಕ್ಕ. ಉಟ್ದಾಗಿಂದ್ಲೂ ಅಂಗೇ ಏಳದು.”

“ಬರಿ ಇಲ್ಲಿ.”

ಅವನು ಚೀಟಿಯ ಮೇಲೆ ದುಂಡಗೆ ಬರೆದ: ಹೇಮಾವತಿ.

“ಬರಿಯೋವಾಗ ಬುಡಕ್ಕಿಲ್ಲ ಕಣಕ್ಕ. ರಾಘವೇಂದ್ರ ಮೇಷ್ಟ್ರು ಕೈಗೆ ಒಡ್ದು ಕಲ್ಸವ್ರೆ.”

ಮೇಷ್ಟ್ರು ಮೊದಲ ಸಾಲಿನಲ್ಲೇ ಇದ್ದರು. ನಿವೃತ್ತ ಕನ್ನಡ ಅಧ್ಯಾಪಕರು. ಬೆಳಗ್ಗೆ ಸನ್ಮಾನಕ್ಕೆ ಹೊದಿಸಿದ ಶಾಲು ತೊಡೆಯ ಮೇಲಿತ್ತು. ಕೇಳುವ ಮುಂಚೆಯೇ ಗುಂಡಿ ಒತ್ತುವ ಹಳೇ ಫೋನು ತೆಗೆದು ತೋರಿಸಿದರು.

“ನನಗೆ ಈ ಜಾಲಗೀಲ ತಿಳಿಯದು ತಾಯಿ. ಇದು ಆಗಿಬರುವ ಕೆಲಸವಲ್ಲ ಎಂದು ನಿನ್ನೆಯೇ ಹೇಳಿದ್ದೆ.”

ಜಯಲಕ್ಷ್ಮಮ್ಮ ಕೋಣೆಗೆ ಮರಳಿದರು. “ಎಸ್ರು ಗೊತ್ತು ಮಾಡಿದ್ದು ಯಾವಾಗವ್ವ?”

“ನಿನ್ನೆ ಸಂಜೆ. ನಾನು, ಮಹದೇವಸ್ವಾಮಿ, ಮೇಷ್ಟ್ರು. ಮೂವರೇ.”

“ಮೈಕಲ್ಲಿ ಏಳೋ ಒತ್ಗೇ ಅದು ಪಟ್ಟೀಲಿತ್ತು. ಅಂದ್ರೆ ಮೊದ್ಲೇ ಗೊತ್ತಿದ್ದೋರು ಮಾಡವ್ರೆ. ನೀನಲ್ಲ ಅಂದ್ರೆ ಅವ್ರಿಬ್ರಲ್ಲೊಬ್ರು.”

ಹೊರಗಿನ ಬಡಿತಕ್ಕೆ ಚಿಲಕದ ತಿರುಪೊಂದು ಸಡಿಲಾಗಿತ್ತು. ಅಪರ್ಣ ಅದನ್ನೇ ನೋಡುತ್ತಿದ್ದಳು.

*

ಮತ್ತೆ ಓಟು ನಡೆಯುತ್ತದೆ ಎಂದು ಜಯಲಕ್ಷ್ಮಮ್ಮ ಸಾರಿದರು. ಆಮೇಲೆ ಮಹದೇವಸ್ವಾಮಿಯ ಕಿವಿಯಲ್ಲಿ, “ಈ ಸಲದ ಎಸ್ರು ಹೊಸಹೊಳಲು. ನಾನ್ ಏಳೋಗಂಟ ಬಾಯ್ಬುಡಬ್ಯಾಡ,” ಎಂದರು. ಹ ಅಕ್ಷರವನ್ನು ಕಷ್ಟಪಟ್ಟು ಒತ್ತಿದರು.

ಮೇಷ್ಟ್ರ ಪಕ್ಕದಲ್ಲಿ ಕೂತು ಬೇರೆಯದೇ ಹೇಳಿದರು. “ಈ ಸಲ ಹಿರೋಡೆ ಅಂತ ಇಕ್ಕವ್ರೆ ಮೇಷ್ಟ್ರೇ. ನಮ್ಮೂರ ಅಳೇ ಎಸ್ರು. ಮಹದೇವಸ್ವಾಮಿನೇ ಕೂಗ್ತಾನೆ.”

“ಒಳ್ಳೆಯದು ತಾಯಿ,” ಎಂದರು ಮೇಷ್ಟ್ರು.

ಐದು ನಿಮಿಷ. ಏಳು. ಸೆಖೆಗೆ ಜನ ಕಿಟಕಿಯ ಸರಳು ಹಿಡಿದು ನಿಂತಿದ್ದರು. ಕೋಣೆಯಲ್ಲಿ ಅಪರ್ಣ ಫೋನಿನ ಪಟ್ಟಿಯಿಂದ ಕಣ್ಣು ಕೀಳಲಿಲ್ಲ.

ಹೊಸ ಹೆಸರೊಂದು ಮೂಡಿತು. ‘ಇರೋಡೆ’.

ಜಯಲಕ್ಷ್ಮಮ್ಮ ನೇರ ಮೊದಲ ಸಾಲಿಗೆ ನಡೆದರು.

“ಶಾಲು ಕೊಡಿ ಮೇಷ್ಟ್ರೇ.”

ಮಡಿಕೆಯೊಳಗೆ ಹೊಸ ಫೋನೊಂದು ಬಿಸಿಯಾಗಿ ಕೂತಿತ್ತು.

“ಹಿರೋಡೆ ಅಂತ ನಾನು ಏಳಿದ್ದು ನಿಮ್ಗೊಬ್ರಿಗೇ. ಈ ಮುನ್ನೂರು ಜನ ಹ ಬುಟ್ಟು ಮಾತಾಡ್ತಾರೆ, ಕಿವೀಗೆ ಬಿದ್ದಂಗೇ ಒತ್ತಾರೆ ಅಂತ ಲೆಕ್ಕ ಆಕುದ್ರಿ. ನಾನೂ ಒತ್ದೆ.”



“ಇಪ್ಪತ್ತೆರಡು ವರ್ಷ ಈ ಸ್ಪರ್ಧೆಗೆ ನಾನೇ ತೀರ್ಪುಗಾರ,” ಎಂದರು ಮೇಷ್ಟ್ರು. “ಈ ಸಲ ಶಾಲು ಹೊದಿಸಿ ಕೂರಿಸಿಬಿಟ್ಟರು. ಫೋನಿನ ಓಟು ಕೆಟ್ಟರೆ ಮತ್ತೆ ಕರೆಯುತ್ತಾರೆ ಅಂದುಕೊಂಡೆ. ಆ ಹುಡುಗಿಯ ಗತಿ ಯೋಚಿಸಲಿಲ್ಲ.”

“ಆ ಬಾಗ್ಲು ಬಡಿಯೋ ಸದ್ದು ನಿಮ್ಗೂ ಕೇಳ್ತಿತ್ತು ಮೇಷ್ಟ್ರೇ.”

ಮಹದೇವಸ್ವಾಮಿ ಮೈಕು ಹಿಡಿದೇ ನಿಂತಿದ್ದ. “ನನ್ ನಾಲ್ಗೇನೇ ನೆಚ್ಕೊಂಡಿದ್ರಾ ಸಾ?” ಎಂದ.

*

ಅಪರ್ಣ ಕೋಣೆಯಿಂದ ಹೊರಬಂದಳು. ಬಾಗಿಲು ಬಡಿದವರೇ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಹೊಸ ಓಟಿಗೆ ಅವಳು ಜಾಲದ ಹೆಸರನ್ನೇ ಬದಲಿಸಿದ್ದಳು. ‘ಏಮಾವತಿ’.

ಮಹದೇವಸ್ವಾಮಿ ಗಟ್ಟಿಯಾಗಿ ಕೂಗಿದ. ಪರದೆಯ ಮೇಲೆ ಅಂಕಿ ಏರತೊಡಗಿತು. ನೂರು, ಇನ್ನೂರು, ಇನ್ನೂರ ತೊಂಬತ್ತೆಂಟು. ಎಲ್ಲರಿಗಿಂತ ಮುಂದಿದ್ದ ಅಕ್ಕಿಹೆಬ್ಬಾಳಿನ ಹೆಂಗಸರು ಕೂತಲ್ಲೇ ಸೋಬಾನೆ ಎತ್ತಿಕೊಂಡರು.

“ನನಗೂ ಒಂದು ಓಟಿದೆಯಲ್ಲವೇ?” ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು.

“ಆ ಫೋನು ಸಾಕ್ಷಿಗೋಯ್ತಲ್ಲ ಮೇಷ್ಟ್ರೇ. ಗುಂಡಿದು ಅದ್ಯಲ್ಲ, ಅದ್ರಲ್ಲಿ ಒತ್ತಿ.”

ಮೇಷ್ಟ್ರು ವೈಫೈ ಇಲ್ಲದ ಆ ಹಳೇ ಫೋನು ತೆಗೆದು ನೋಡಿದರು. ಮತ್ತೆ ಜೇಬಿಗೆ ಹಾಕಿಕೊಂಡರು. ಅಷ್ಟರಲ್ಲಿ ಯಾರೋ ಸಭಾಂಗಣದ ಬಾಗಿಲಿನ ಬೀಗ ತೆಗೆದಿದ್ದರು.