ಮೂರು ಬೀಗದ ಪೆಟ್ಟಿಗೆ

ನನ್ನ ಕುತ್ತಿಗೆಯ ಮೇಲೆ ಕತ್ತಿ ಇತ್ತು.

ಮೊಳದುದ್ದದ ಕತ್ತಿ! ಈಗಷ್ಟೇ ಅದರಲ್ಲಿ ಒಂದು ಮೇಕೆ ಮುಗಿದಿತ್ತು. ಮುಂದಿನ ಸರದಿ ನನ್ನದು ಅನ್ನುವ ಹಾಗೆ ಕಾಣುತ್ತಿತ್ತು.

"ಬೆಳಗ್ಗೆ ಚೆನ್ನಾಗಿ ಎದ್ಯಾ?" ಎಂದು ಕೇಳಿದ ಕಟುಕ ಸುಮಾನಿ.

"ನಾಆ..." ಎಂದೆ. ನಮ್ಮಲ್ಲಿ ಯೋಗಕ್ಷೇಮ ಕೇಳಿದರೆ ಹಾಗೇ ಅನ್ನಬೇಕು. ಕತ್ತಿ ಇರಲಿ, ಇಲ್ಲದಿರಲಿ.

"ಮನೆಯವ್ರು?"

"ನಾಆ."

"ಕುರಿ, ಕೋಳಿ?"

"ನಾಆ! ಕತ್ತಿ ತೆಗಿಯಣ್ಣಾ!"

"ಅವಳು ಕಳಿಸಿದ್ಳಾ ನಿನ್ನ?"

ಅವಳು ಅಂದರೆ ಅಜಾರಾ. ಅವನನ್ನು ಬಿಟ್ಟು ಹೋದ ಹೆಂಡತಿ. ಅಷ್ಟರಲ್ಲಿ ನನ್ನ ಫೋನ್ ರಿಂಗಾಯಿತು. ಮೇಮುನಾ ಮೇಡಂ!

"ವುಂಬೇ, ಎಲ್ಲಿದ್ದೀಯ?"

"ಕತ್ತಿ ಕೆಳಗೆ, ಮೇಡಂ."

"ಬೇಗ ಮುಗಿಸಿ ಬಾ."

ಇಟ್ಟೇಬಿಟ್ಟರು. ನಮ್ಮದು ಅಂಥ ಸಂಸ್ಥೆ, ನೋಡಿ. ಹಳ್ಳಿ ಉದ್ಧಾರಕ್ಕೆಂದು ಇರುವವರು ಇಬ್ಬರೇ. ಮೇಮುನಾ ಮೇಡಂ ನಿರ್ದೇಶಕಿ. ಉಳಿದ ಎಲ್ಲ ಹುದ್ದೆಗಳೂ ನಾನು. ಕಚೇರಿ ತಮಾಲೆ ಪಟ್ಟಣದ ದಾರಿಯಲ್ಲಿ, ಒಂದು ಟೈಲರ್ ಅಂಗಡಿಯ ಹಿಂದೆ. ಜನ ನನ್ನನ್ನು ಗಟ್ಟಿಗ ಅನ್ನುತ್ತಾರೆ. ಆ ಸುದ್ದಿ ಹಬ್ಬಿಸಿದವನು ನಾನೇ.

ವಿಷಯ ಇಷ್ಟು. ಸಬೇಲಿ ಹಳ್ಳಿಯ ಕೈಪಂಪು ಕೆಟ್ಟು ಮೂರು ದಿನ. ಜನ ದನ ಇಳಿಯುವ ಕೆರೆಯ ನೀರು ಕುಡಿದರು. ಮಕ್ಕಳಿಗೆ ವಾಂತಿ ಭೇದಿ ಶುರುವಾಯಿತು. ನರ್ಸ್ ಕೆರೆಯ ನೀರನ್ನೇ ಕುದಿಸಿ ಕುದಿಸಿ ಗ್ಯಾಸ್ ಖಾಲಿ ಮಾಡಿಕೊಂಡಿದ್ದರು. "ಭೇದಿಗೆ ಕೊಡೋ ಉಪ್ಪು-ಸಕ್ಕರೆ ಪುಡಿ ಇದೆ, ಕಲಸೋಕೆ ಒಳ್ಳೇ ನೀರಿಲ್ಲ. ಸಂಜೆಯೊಳಗೆ ನೀರು ಬರದಿದ್ರೆ ಆ ಪುಟ್ಟ ಹುಡುಗಿ ಫುಸೇನಾ ಉಳಿಯೋದು ಕಷ್ಟ" ಎಂದಿದ್ದರು.

ಪಂಪು ಬಿಚ್ಚಲು ದೊಡ್ಡ ಸ್ಪ್ಯಾನರ್ ಬೇಕು. ಸ್ಪ್ಯಾನರ್ ಪೆಟ್ಟಿಗೆಯಲ್ಲಿ. ಪೆಟ್ಟಿಗೆಗೆ ಮೂರು ಬೀಗ. ಮೂರು ಕೀಲಿ ಮೂವರ ಹತ್ತಿರ: ಸುಮಾನಿ, ಅಜಾರಾ, ಊರ ಹಿರಿಯ ಬಾಬಾ ನೇಯಿಂಡೂ... ಒಬ್ಬರ ಮುಖ ಒಬ್ಬರಿಗಾಗದ ಮೂವರು! ಸೇರಿಕೊಂಡು ಕದಿಯಬಾರದಲ್ಲ? ಯಾರ ತಲೆ ಅದು ಅಂದಿರಾ? ನನ್ನದೇ! ಎರಡು ದಿನ ತರಬೇತಿ ಬೇರೆ ಕೊಟ್ಟಿದ್ದೆ. ಪೆಟ್ಟಿಗೆಯನ್ನು ಲಾರಿಯ ಕಬ್ಬಿಣದಿಂದ ಮಾಡಿಸಿದ್ದೆ. ನಿನ್ನೆ ಕಮ್ಮಾರ ಒಡೆಯಲು ಹೋಗಿ ಸುತ್ತಿಗೆ ಮುರಿದುಕೊಂಡಿದ್ದ. ಪಕ್ಕದ ಹಳ್ಳಿಯ ಸ್ಪ್ಯಾನರ್ ತರೋಣವೆಂದರೆ, ಅಲ್ಲೂ ನನ್ನದೇ ಪೆಟ್ಟಿಗೆ.

"ಸುಮಾನಿ," ಎಂದೆ, "ನಿನ್ನ ಮೊಮ್ಮಗಳು ಫುಸೇನಾ ಆಸ್ಪತ್ರೇಲಿದಾಳೆ."

ಕತ್ತಿ ಕೆಳಗೆ ಬಿತ್ತು. ನನ್ನ ಕಾಲಿಗೆ ಎರಡು ಬೆರಳು ಆಚೆ!

"ನಂಗ್ಯಾರೂ ಹೇಳ್ಲಿಲ್ಲ..." ಸೊಂಟದ ದಾರಕ್ಕೆ ಕಟ್ಟಿದ್ದ ಕೀಲಿಯನ್ನು ಮುಟ್ಟಿಕೊಂಡ.

"ಕೊಡು ಇಲ್ಲಿ."

"ನಿಯಮ ಐದು! ಕೀಲಿ ಕೈಬಿಡಬಾರ್ದು. ನೀನೇ ಹೇಳ್ಕೊಟ್ಟಿದ್ದು."

ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ ಅವನನ್ನೇ ಬೈಕ್ ಹತ್ತಿಸಿಕೊಂಡೆ. ಬೇವಿನ ಮರದ ಹತ್ತಿರ ಅಜಾರಾ ಅಡ್ಡ ನಿಂತಿದ್ದಳು.

"ಬಾಬಾ ನೇಯಿಂಡೂ ಗೆಣಸಿನ ಲಾರಿ ಹತ್ತಿ ತಮಾಲೆಗೆ ಹೊರಟ್ರು! ಮೂರನೇ ಕೀಲಿ ಅವ್ರ ಹತ್ರ!"

ಗೇರ್ ಬದಲಿಸಿದೆ. "ನೀನು ಇಲ್ಲೇ ಇರಕ್ಕಾ."

"ಈ ಕಟುಕನ್ನ ಕಳಿಸಿದ್ರೆ ಮುದುಕರ ಜೊತೆ ಜಗಳ ಆಡ್ಕೊಂಡು ಬರ್ತಾನೆ. ಅತ್ಲಾಗೆ ಸರಿ ಅನ್ನು ಅವನಿಗೆ!"

ಹತ್ತಿದಳು. ಏಳು ವರ್ಷ ಮಾತು ಬಿಟ್ಟ ಗಂಡ ಹೆಂಡತಿ ಒಂದೇ ಸೀಟಿನ ಮೇಲೆ! ನಾನು ಪೆಟ್ರೋಲ್ ಟ್ಯಾಂಕಿನ ಮೇಲೆ.

"ವುಂಬೇ, ಇದು ಸೀಟಾ, ಬಂಡೆನಾ? ಏನೋ ಒತ್ತುತ್ತೆ" ಎಂದು ಗೊಣಗಿದ ಸುಮಾನಿ.

"ಹಳೇ ಸ್ಪ್ರಿಂಗು. ಮುಚ್ಕೊಂಡು ಕೂತ್ಕೋ!"

ಕೆಂಪು ಧೂಳು. ಕಣ್ಣು ಕಾಣದು. ಗಿನಿಕೋಳಿಗಳ ಹಿಂಡಿನೊಳಗೆ ನುಗ್ಗಿದೆ... ಒಂದು ಕೋಳಿ ನನ್ನ ಮುಖಕ್ಕೇ ಹಾರಿತು. ಬೈಕ್ ಚರಂಡಿಗಿಳಿದು ಮೇಲೆ ಬಂತು. ಅಜಾರಾ ನನ್ನ ತಾಯಿ ತಂದೆಯನ್ನೆಲ್ಲ ನೆನೆಸಿಕೊಂಡಳು. ಅಷ್ಟರಲ್ಲಿ ಲಾರಿ ಕಂಡಿತು!

ಗೆಣಸಿನ ರಾಶಿಯ ಮೇಲೆ ಬಾಬಾ. ಬಿಳಿ ಟೋಪಿ, ಗಂಭೀರ ಮುಖ. ಪಕ್ಕಕ್ಕೆ ಬಂದು ಕಿರುಚಿದೆ.

"ಬಾಬಾ! ಕೀಲಿ!"

ಮುಖ ತಿರುಗಿಸಿದರು. ತಪ್ಪು ನನ್ನದೇ. ಹಿರಿಯರನ್ನು ಕಂಡು ಕ್ಷೇಮ ಕೇಳದೆ ಯಾರಾದರೂ ವಿಷಯಕ್ಕೆ ಬರುತ್ತಾರೆಯೇ?

"ಬಾಬಾ! ಮಧ್ಯಾಹ್ನ ಹೇಗಿದೆ?"

"ನಾಆ," ಎಂದರು ತೃಪ್ತಿಯಿಂದ. "ನಿನ್ನ ಹೆಂಡ್ತಿ?"

"ನಾಆ!" ಎದುರಿಗೊಂದು ಬಸ್ಸು. ತಪ್ಪಿಸಿದೆ!

"ಮಕ್ಳು?"

"ನಾಆ!" ಹಳ್ಳ. ಹಾರಿದೆ!

"ಕೆಲ್ಸ ಕಾರ್ಯ?"

"ನಾಆ, ನಾಆ, ನಾಆ! ಅಪ್ಪಾ, ಮಗು ಸಾಯ್ತಿದೆ!"

ಬಾಬಾ ಲಾರಿಯ ತಗಡಿಗೆ ಕೋಲು ಬಡಿದರು. ಲಾರಿ ನಿಂತಿತು.

"ಮೊದ್ಲೇ ಹೇಳೋದಲ್ವೇನೋ?"

ಕೀಲಿ ಕೇಳಿದೆ. ಅವರಿಗೂ ನಿಯಮ ಐದು ಬಾಯಿಪಾಠ. ಬರುವಾಗ ಬೈಕಿನ ಮೇಲೆ ನಾಲ್ವರು. ಬಾಬಾರ ಕೋಲು ದಾರಿಯುದ್ದಕ್ಕೂ ನನ್ನ ಕಿವಿಯೊಳಗೆ.

ಪಂಪಿನ ಸುತ್ತ ಇಡೀ ಹಳ್ಳಿ ನೆರೆದಿತ್ತು. ಮಧ್ಯದಲ್ಲಿ ಮೇಮುನಾ ಮೇಡಂ, ಸೊಂಟಕ್ಕೆ ಕೈಯಿಟ್ಟುಕೊಂಡು. ಮೊದಲ ಕೀಲಿ... ಎರಡು... ಮೂರು! ಮುಚ್ಚಳ ಎತ್ತಿದೆ.

ಸ್ಪ್ಯಾನರ್ ಇರಲಿಲ್ಲ.

ಒಂದು ಚೀಟಿ ಇತ್ತು. ಸಂಸ್ಥೆಯ ಮೊಹರು, ಎರಡು ತಿಂಗಳ ಹಿಂದಿನ ತಾರೀಖು. ಮೇಡಂ ಎತ್ತಿ ಗಟ್ಟಿಯಾಗಿ ಓದಿದರು.

"ನಿಯಮ ಒಂಬತ್ತರ ಪ್ರಕಾರ, ಮುಂದಿನ ಹಳ್ಳಿಯ ತರಬೇತಿಯಲ್ಲಿ ತೋರಿಸಲು ಸ್ಪ್ಯಾನರ್ ತೆಗೆದುಕೊಂಡಿದ್ದೇನೆ. ನಾಳೆ ತಪ್ಪದೇ ಇಡುತ್ತೇನೆ. ಸಹಿ, ವುಂಬೇ."

ಎಲ್ಲರೂ ನನ್ನತ್ತ ತಿರುಗಿದರು.

ನೆನಪಾಯಿತು... ಮೂವರಿಗೆ ಕೀಲಿ ಹಂಚುವ ಮೊದಲೇ ಅದನ್ನು ತೆಗೆದು, ಗೋಣಿಯಲ್ಲಿ ಸುತ್ತಿ ಬೈಕಿನ ಸೀಟಿನ ಕೆಳಗೆ ಕಟ್ಟಿದ್ದೆ. ಎರಡು ತಿಂಗಳಿಂದ ಅದರ ಮೇಲೇ ಕೂತು ಊರೂರು ತಿರುಗಿದ್ದೆ!

ಸುಮಾನಿಯ ಕೈ ಸೊಂಟದ ಕತ್ತಿಗೆ ಹೋಯಿತು.

"ಮೊದ್ಲು ಪಂಪು," ಎಂದರು ಮೇಡಂ. "ಕೊಲೆ ಆಮೇಲೆ."

ಸೀಟಿನ ಕೆಳಗಿನ ಗೋಣಿ ಬಿಚ್ಚಿದೆ. ಅಜಾರಾ ಸ್ಪ್ಯಾನರ್ ಕಿತ್ತುಕೊಂಡಳು. "ಹಿಡ್ಕೋ," ಎಂದಳು ಸುಮಾನಿಗೆ. ಏಳು ವರ್ಷದಲ್ಲಿ ಮೊದಲ ಮಾತು. ಅವನು ಪೈಪು ಹಿಡಿದ. ಅವಳು ತಿರುಗಿಸಿದಳು. ಹರಿದ ವಾಷರ್ ಬದಲಾಯಿಸಿದರು. ಅರ್ಧ ಗಂಟೆಗೆ ನೀರು ಬಂತು!

ಸಂಜೆಯ ಹೊತ್ತಿಗೆ ಫುಸೇನಾ ಕಣ್ಣು ಬಿಟ್ಟು ಗಂಜಿ ಕೇಳಿದಳು. ನಾನು ಆಸ್ಪತ್ರೆಯ ಹಿಂದೆ ನಿಂತು ಅತ್ತೆ. ಮೇಡಂ ಬಂದು ಪಕ್ಕದಲ್ಲಿ ನಿಂತರು. ಅವರ ಕಣ್ಣೂ ಒದ್ದೆ.

"ನನ್ನ ಕೆಲಸದಿಂದ ತೆಗೀತೀರಾ, ಮೇಡಂ?"

"ತೆಗೆದ್ರೆ ಉಳಿಯೋದು ನಾನೊಬ್ಳೇ. ಹಳ್ಳಿಯವ್ರೇ ಏನೋ ತೀರ್ಮಾನ ಮಾಡಿದಾರೆ. ಹೋಗಿ ನೋಡು."

ಹೋಗಿ ನೋಡಿದೆ. ಸ್ಪ್ಯಾನರ್ ಈಗ ಪಂಪಿನ ಪಕ್ಕದಲ್ಲೇ ಮೊಳೆಗೆ ನೇತಾಡುತ್ತಿದೆ, ಬೀಗವೇ ಇಲ್ಲ.

ಮೂರು ಬೀಗಗಳೂ ನನ್ನ ಬೈಕಿನ ಚಕ್ರಕ್ಕಿವೆ... ನಾನು ಮನೆಗೆ ಹೋಗಬೇಕಾದರೆ ಮೊದಲು ಆ ಮೂವರು ರಾಜಿಯಾಗಬೇಕು!